ಹಗಲು ಸರಿ, ರಾತ್ರಿ ಬರೀ 60: ಕ್ಯಾಮೆರಾ ನಾಡಿ ಹಿಡಿಯುವಾಗ ದೀಪ ಕೊಡುವ ತೊಂದರೆ

ಪ್ರಶ್ನೆ: ವೆಬ್‌ಕ್ಯಾಮ್‌ನಲ್ಲಿ ಮುಖ ನೋಡಿ ಹೃದಯ ಬಡಿತ ಅಳೆಯುವ ಪ್ರೋಗ್ರಾಂ ಬರೆದಿದ್ದೇನೆ. ಹಗಲು ಕಿಟಕಿ ಬೆಳಕಿನಲ್ಲಿ ಬೆರಳಿನ ಆಕ್ಸಿಮೀಟರ್‌ಗೆ ತಾಳೆಯಾಗುತ್ತದೆ. ರಾತ್ರಿ ಎಲ್‌ಇಡಿ ಬಲ್ಬಿನಡಿ, ಮೆಟ್ಟಿಲು ಹತ್ತಿ ಬಂದು ಕೂತರೂ 60ರ ಆಸುಪಾಸೇ ತೋರಿಸುತ್ತದೆ. ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್‌ಗೆ ಇಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ಅಳೆಯುತ್ತಿರುವುದು ಬಹುಶಃ ನಾಡಿಯನ್ನಲ್ಲ, ಬಲ್ಬಿನ ಮಿನುಗನ್ನು. 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ, ಪ್ರತಿ ಆವರ್ತಕ್ಕೆ ಎರಡು ಮಿನುಗು) ವಿದ್ಯುತ್ತಿನಲ್ಲಿ ಡ್ರೈವರ್ (ಒಳಗೆ ಕರೆಂಟ್ ಹದಗೊಳಿಸುವ ಸರ್ಕ್ಯೂಟ್) ಚೆನ್ನಾಗಿಲ್ಲದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಕರಾರುವಾಕ್ಕಾಗಿ 25 ಫ್ರೇಮ್ ತೆಗೆದರೆ ಫ್ರೇಮಿಗೆ ಸರಿಯಾಗಿ 4 ಮಿನುಗು ಕೂತು ತೊಂದರೆ ಅಡಗಿಬಿಡುತ್ತದೆ. ವೇಗ 24.75ಕ್ಕೆ ಜಾರಿತು ಎನ್ನಿ: 24.75ರ ನಾಲ್ಕು ಪಟ್ಟು 99. ಮಿಕ್ಕ 1 ಹರ್ಟ್ಸ್ ನಿಧಾನದ ಏರಿಳಿತವಾಗಿ ಕಾಣುತ್ತದೆ, ಅಂದರೆ ನಿಮಿಷಕ್ಕೆ 60. ನಾಡಿಯಿಂದ ಚರ್ಮದ ಹೊಳಪು ಬದಲಾಗುವುದು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಸಣ್ಣ ಮಿನುಗೂ ಅದನ್ನು ಮುಚ್ಚಿಹಾಕಲು ಸಾಕು.

ಮೊದಲು ಖಚಿತಪಡಿಸಿಕೊಳ್ಳಿ. ಕೆನ್ನೆಯ ಪಕ್ಕ ಬಿಳಿ ಕಾಗದದ ತುಂಡೊಂದನ್ನು ಅಲುಗದಂತೆ ನಿಲ್ಲಿಸಿ, ಅದರ ಹಸಿರು ಚಾನೆಲ್ಲಿಗೂ (ಚಿತ್ರದ ಕೆಂಪು, ಹಸಿರು, ನೀಲಿ ಭಾಗಗಳಲ್ಲಿ ಹಸಿರಿನದು) ಇದೇ ಲೆಕ್ಕ ಓಡಿಸಿ. ಕಾಗದಕ್ಕೂ 60 ಬಂದರೆ ದೋಷ ಬೆಳಕಿನದ್ದೇ. ಈ ಪರೀಕ್ಷೆ ಮಾಡದೆ ಫಿಲ್ಟರ್ (ಬೇಡದ ವೇಗದ ಏರಿಳಿತ ಸೋಸುವ ಲೆಕ್ಕ) ತಿದ್ದುತ್ತಾ ಕೂರಬೇಡಿ. 1 ಹರ್ಟ್ಸ್ ನಿಜವಾದ ನಾಡಿಯ ವ್ಯಾಪ್ತಿಯೊಳಗೇ ಇರುವುದರಿಂದ ಫಿಲ್ಟರ್ ಅದನ್ನು ತೆಗೆಯಲಾರದು.

ಪರಿಹಾರ ಎಕ್ಸ್‌ಪೋಶರ್‌ನಲ್ಲಿದೆ. ಅದನ್ನು (ಒಂದು ಫ್ರೇಮಿಗೆ ಬೆಳಕು ಹಿಡಿಯುವ ಅವಧಿಯನ್ನು) ಮ್ಯಾನುಯಲ್ ಮಾಡಿ 1/50 ಅಥವಾ 1/100 ಸೆಕೆಂಡಿಗೆ ಇಡಿ. ಆಗ ಪ್ರತಿ ಫ್ರೇಮಿನಲ್ಲೂ ಇಡೀ ಮಿನುಗುಗಳೇ ಸೇರಿ ಏರಿಳಿತ ಸಮವಾಗುತ್ತದೆ. 60 ಹರ್ಟ್ಸ್ ವಿದ್ಯುತ್ತಾದರೆ 1/60 ಅಥವಾ 1/120. ಮುಖ ಚೌಕಟ್ಟಿನಲ್ಲಿರುವಾಗಲೇ ಗೇನ್ (ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಕೂಡ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ತಾನೇ ಹೊಳಪು ಹೆಚ್ಚುಕಡಿಮೆ ಮಾಡಿ ನಾಡಿಯ ಗುರುತು ಕೆಡಿಸುತ್ತದೆ. ಮಂದ ಬೆಳಕಿನಲ್ಲಿ ಎಷ್ಟೋ ವೆಬ್‌ಕ್ಯಾಮ್‌ಗಳು ಫ್ರೇಮ್ ವೇಗವನ್ನೂ ಹೇಳದೆ ಇಳಿಸುತ್ತವೆ. ಹಾಗಾಗಿ ಲೆಕ್ಕಕ್ಕೆ 25 ಎಂದು ಬರೆದಿಡದೆ ಪ್ರತಿ ಫ್ರೇಮಿನ ನಿಜವಾದ ಸಮಯವನ್ನೇ ಬಳಸಿ.

ಇಷ್ಟಾದ ಮೇಲೆ ಚಿತ್ರ ಕಪ್ಪಾದರೆ ಗೇನ್ ಏರಿಸಬೇಡಿ, ಅದರೊಂದಿಗೆ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು ಗದ್ದಲ) ಕೂಡ ಏರುತ್ತದೆ. ಇನ್ನೊಂದು ದೀಪ ಹಚ್ಚಿ. ಕೆನ್ನೆಯ ಹಸಿರು ಸರಾಸರಿ 255ರಲ್ಲಿ (0 ಎಂದರೆ ಕಪ್ಪು, 255 ಎಂದರೆ ಗರಿಷ್ಠ ಹೊಳಪು) 100ರಿಂದ 200ರೊಳಗಿದ್ದರೆ ಚೆನ್ನ. ಹಣೆಯ ಮೇಲೆ 255 ಮುಟ್ಟಿದ ಬಿಳಿ ಮಚ್ಚೆಯಿದ್ದರೆ ಆ ಭಾಗ ಕೈಬಿಡಿ, ಅಲ್ಲಿ ನಾಡಿಯ ಮಾಹಿತಿ ಉಳಿದಿರುವುದಿಲ್ಲ. ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚು ಬೆಳಕು ಹೀರುವುದರಿಂದ ಇನ್ನಷ್ಟು ಬೆಳಕು ಬೇಕು.

ಒಂದೇ ಪಕ್ಕದ ದೀಪವೂ ಬೇಡ. ತಲೆ ಕೊಂಚ ತಿರುಗಿದರೂ ನೆರಳು ಜರುಗುತ್ತದೆ. ಎರಡೂ ಕಡೆಯಿಂದ, ತೆಳು ಬಿಳಿ ಬಟ್ಟೆಯ ಪರದೆ ದಾಟಿ ಬರುವ ಬೆಳಕು ಒಳ್ಳೆಯದು (ಬಟ್ಟೆ ಬಲ್ಬಿಗೆ ತಾಗದಿರಲಿ). ಅಳೆಯುವಾಗ ಮಾನಿಟರ್‌ನಲ್ಲಿ ವಿಡಿಯೊ ಓಡಿಸಬೇಡಿ, ಅದರ ಬೆಳಕೂ ಮುಖದ ಮೇಲೆ ಕುಣಿಯುತ್ತದೆ. ಇಷ್ಟೆಲ್ಲ ಮಾಡಿದರೂ ಕಾಗದ 60 ತೋರಿಸುತ್ತಿದ್ದರೆ ಮಿನುಗದ ಬಲ್ಬು ಹಾಕುವುದೇ ಸರಿ.