ಜೈಲಿನಲ್ಲಿ ಕಲಿತ ನಾಯಿ ಮನೆಗೆ ಬರಲಿ

ಪತ್ರ: ನಾವಿರೋದು ಅಮೆರಿಕದ ಸಿಯಾಟಲ್ ಹತ್ತಿರ. ಮಗಳಿಗೆ ನಾಯಿ ಬೇಕಂತೆ. ಇಲ್ಲಿ ಶೆಲ್ಟರ್‌ನ, ಅಂದರೆ ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಳ್ಳುವ ಕೇಂದ್ರದ, ನಾಯಿಗಳನ್ನು ಕೈದಿಗಳು ಪಳಗಿಸುತ್ತಾರೆ, ಆಮೇಲೆ ದತ್ತು ಕೊಡುತ್ತಾರೆ. ನನಗೆ ಅಂಥದ್ದೇ ಬೇಕು. ಮನೆಯವರು ಜಾತಿ ನಾಯಿ ಸಾಕಿ ಮಾರುವ ಬ್ರೀಡರ್ ಹತ್ತಿರ ಮರಿ ತರೋಣ ಅಂತಾರೆ. ಊರಿಂದ ಬಂದಿರುವ ಅತ್ತೆ, “ಮೊದಲೇ ಬೀದಿನಾಯಿ, ಅದಕ್ಕೆ ಕಳ್ಳ ಬೇರೆ ಮೇಷ್ಟ್ರು” ಅಂತಾರೆ. ರಜೆಗೆ ಊರಿಗೆ ಬಂದಾಗ ನಾಯಿಯನ್ನು ಎಲ್ಲಿ ಬಿಡೋದು ಅನ್ನೋ ಚಿಂತೆಯೂ ಇದೆ. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮ ಮನೆಯವರ ಮಾತಿನಲ್ಲೂ ಹುರುಳಿದೆ. ಮರಿಯಿಂದ ಸಾಕುವ ಖುಷಿಯೇ ಬೇರೆ, ಒಳ್ಳೆಯ ಬ್ರೀಡರ್‌ಗಳೂ ಇದ್ದಾರೆ. ಆದರೆ ನನ್ನ ಮನಸ್ಸು ಪೂರ್ತಿ ನಿಮ್ಮ ಕಡೆಗಿದೆ.

ಕೈದಿಗಳು ನಾಯಿ ಪಳಗಿಸುವ ಈ ಕೆಲಸ ಹೆಸರು ಮಾಡಿದ್ದೇ ನಿಮ್ಮ ವಾಷಿಂಗ್ಟನ್ ರಾಜ್ಯದಲ್ಲಿ, ಗೊತ್ತಾ? 1981ರಲ್ಲಿ, ಟಕೋಮಾ ದಾಟಿದರೆ ಸಿಗುವ ಗಿಗ್ ಹಾರ್ಬರ್‌ನ ಹೆಂಗಸರ ಜೈಲಿನಲ್ಲಿ. ಶುರು ಮಾಡಿದವರು ಸಿಸ್ಟರ್ ಪಾಲಿನ್ ಕ್ವಿನ್. ಚಿಕ್ಕ ವಯಸ್ಸಿಗೇ ಮನೆ ಬಿಟ್ಟು ಓಡಿದ, ಬೀದಿಯಲ್ಲೂ ಬದುಕಿದ ಹೆಣ್ಣುಮಗಳು. ಜನರೆಂದರೆ ನಡುಗುತ್ತಿದ್ದ ಆಕೆಗೆ ಧೈರ್ಯ ತುಂಬಿದ್ದು ಜೋನಿ ಎಂಬ ಜರ್ಮನ್ ಶೆಫರ್ಡ್. ತನ್ನನ್ನು ಉಳಿಸಿದ ನಾಯಿ ಜೈಲಿನಲ್ಲಿರುವವರನ್ನೂ ಉಳಿಸೀತು ಅಂತ ಹೊರಟರು. ಪಶುವೈದ್ಯ ಲಿಯೊ ಬುಸ್ಟಾಡ್ ಬೆನ್ನಿಗೆ ನಿಂತರು. 1993ರಲ್ಲಿ ಪಕ್ಕದ ಆರಿಗನ್‌ನಲ್ಲಿ ಜೋನ್ ಡಾಲ್ಟನ್ ಇದೇ ಕೆಲಸವನ್ನು ಬಾಲಾಪರಾಧಿ ಹುಡುಗರ ಕೈಗೆ ಕೊಟ್ಟರು.

ಅತ್ತೆಯವರ ಮಾತಿಗೆ ಬರುತ್ತೇನೆ. ಶೆಲ್ಟರ್ ಸೇರುವ ಎಷ್ಟೋ ನಾಯಿಗಳು ಕಚ್ಚಿ ಬಂದವಲ್ಲ. ಮೈಮೇಲೆ ಹಾರುತ್ತೆ, ಹಗ್ಗ ಜಗ್ಗುತ್ತೆ, ಮನೆಯೊಳಗೇ ಗಲೀಜು ಮಾಡುತ್ತೆ ಅಂತ ಬಿಟ್ಟುಹೋದವು. ಇದನ್ನೆಲ್ಲ ಬಿಡಿಸಲು ಬೇಕಾದ್ದು ಹೊತ್ತು ಮತ್ತು ತಾಳ್ಮೆ. ಶೆಲ್ಟರ್‌ನವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಕೈದಿಗೆ ಇದೆ. ಕೇಳಿದವರಿಗೆಲ್ಲ ನಾಯಿ ಕೊಡೋದಿಲ್ಲ, ನಡತೆ ನೋಡಿಯೇ ಆರಿಸುತ್ತಾರೆ. ಎಷ್ಟೋ ಜೈಲುಗಳಲ್ಲಿ ನಾಯಿ ಕೈದಿಯ ಕೋಣೆಯಲ್ಲೇ, ಮಂಚದ ಪಕ್ಕದ ಕ್ರೇಟ್‌ನಲ್ಲಿ, ಅಂದರೆ ನಾಯಿಗೂಡಿನಲ್ಲಿ, ಮಲಗುತ್ತೆ. ಹೊಡೆತ, ಬೈಗುಳ ಇಲ್ಲ; ಹೇಳಿದ ಮಾತು ಕೇಳಿದರೆ ತಿಂಡಿ. ಕೆಲವು ಕಡೆ ಅಮೆರಿಕನ್ ಕೆನಲ್ ಕ್ಲಬ್‌ನ ಹತ್ತು ಹಂತದ ಪರೀಕ್ಷೆಯನ್ನೂ ಪಾಸು ಮಾಡಿಸುತ್ತಾರೆ. ಅದರಲ್ಲೊಂದು, ಯಜಮಾನ ಮೂರು ನಿಮಿಷ ಮರೆಯಾದರೂ ಗಾಬರಿಯಾಗದೆ ಇರೋದು. ಆಮೇಲೆ ಅದನ್ನು ಸಾಕಿದವರೇ ಬೇರೆಯವರ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು ಇನ್ನೊಂದನ್ನು ತೆಗೆದುಕೊಳ್ಳಬೇಕು.

ಒಹಾಯೋದ ಗೆಳೆಯರ ಮನೆಯಲ್ಲಿ ಅಂಥದ್ದೊಂದು ಕಪ್ಪು ನಾಯಿ ಇತ್ತು. ಮಧ್ಯಾಹ್ನ ನಾಲ್ಕಾದರೆ ಯಾರೂ ಕರೆಯದೆ ಹೋಗಿ ಕ್ರೇಟ್‌ನಲ್ಲಿ ಕೂರುತ್ತಿತ್ತು. ಜೈಲಿನಲ್ಲಿ ತಲೆ ಎಣಿಸುವ ಹೊತ್ತಂತೆ ಅದು. ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಸೋಫಾದಡಿ ನುಗ್ಗುತ್ತಿತ್ತು. ಪಳಗಿಸಿದ ಕೈದಿ ಒಂದು ಹಾಳೆ ಬರೆದು ಕಳಿಸಿದ್ದ: ಗುಡುಗಿಗೆ ಹೆದರುತ್ತೆ, ಎಡಗಿವಿಯ ಹಿಂದೆ ತುರಿಸಿ, ಸುಮ್ಮನಾಗುತ್ತೆ. ಎಷ್ಟು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡಿದ್ದನೋ! ಹಾಗಾಗಿ ನೀವೂ ಮೊದಲ ಮೂರು ತಿಂಗಳು ಅವಸರ ಮಾಡಬೇಡಿ. ಡೋರ್‌ಬೆಲ್, ಮಿಕ್ಸಿ, ಓಡಾಡುವ ಮಕ್ಕಳು ಎಲ್ಲ ಅದಕ್ಕೆ ಹೊಸದು.

ನಿಮ್ಮ ಅತ್ತೆಯವರನ್ನು ಮಾತ್ರ ಯಾಕೆ ಅನ್ನಲಿ, ನಾವೆಲ್ಲ ಹಾಗೇ ಅಲ್ವಾ? ರಂಗಾಯಣದ ಹುಲುಗಪ್ಪ ಕಟ್ಟೀಮನಿ ನಮ್ಮ ಜೈಲುಗಳಿಗೇ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ನಾವು ಟಿಕೆಟ್ ತಗೊಂಡು ಹೋದೆವು, ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಅದೇ ನಟ ಶಿಕ್ಷೆ ಮುಗಿಸಿ ಬಂದು ಬಾಡಿಗೆಗೆ ಮನೆ ಕೇಳಿದರೆ ಎಷ್ಟು ಜನ ಬೀಗದ ಕೈ ಕೊಡುತ್ತೇವೆ? ನಾಯಿಗಳ ವಿಷಯದಲ್ಲೂ ಇದೇ ನಡತೆ. ಬೆಂಗಳೂರಿನ ಸೆಕೆಯಲ್ಲಿ ಸೈಬೀರಿಯನ್ ಹಸ್ಕಿ ಬೇಕು. ಮನೆತುಂಬ ಕೂದಲು ಉದುರಿಸಲು ಶುರು ಮಾಡಿದ ಮೇಲೆ ಯಾವುದೋ ಲೇಔಟಿನ ತಿರುವಿನಲ್ಲಿ ಇಳಿಸಿ ಕಾರು ಓಡಿಸಿಬಿಡೋದು. ದುಡ್ಡು ಕೊಟ್ಟು ಜಾತಿ ಕೊಳ್ಳುವವರಿಗೆ ಜವಾಬ್ದಾರಿ ಭಾರ. ಇದನ್ನು ನೋಡಿದಾಗಲೆಲ್ಲ ನನ್ನ ರಕ್ತ ಕುದಿಯುತ್ತೆ.

ನೀವು ಮಾಡಬೇಕಾದ್ದು ಇಷ್ಟು. ಮಗಳನ್ನೂ ಮನೆಯವರನ್ನೂ ಕರೆದುಕೊಂಡು ನಾಯಿ ನೋಡಲು ಹೋಗಿ. ಆ ನಾಯಿ ಮಕ್ಕಳ ಜೊತೆ ಇದ್ದು ಗೊತ್ತಾ, ಯಾವುದಕ್ಕೆ ಬೆದರುತ್ತೆ ಅಂತ ಕೇಳಿ. ಪಳಗಿಸಿದವರು ಏನಾದರೂ ಬರೆದಿದ್ದರೆ ಇಸಿದುಕೊಳ್ಳಿ. ಇನ್ನು ರಜೆಯ ಚಿಂತೆ ಬಿಡಿ. ಗಿಗ್ ಹಾರ್ಬರ್‌ನ ಆ ಹೆಂಗಸರೇ ಹೊರಗಿನವರ ನಾಯಿಗಳನ್ನೂ ಇಟ್ಟುಕೊಂಡು ನೋಡಿಕೊಳ್ಳುತ್ತಾ ಬಂದಿದ್ದಾರೆ, ಸ್ನಾನ ಮಾಡಿಸಿ ಕೂದಲೂ ಕತ್ತರಿಸುತ್ತಾರೆ. ಊರಿಗೆ ಹೊರಡುವ ಮುಂಚೆ ಅಲ್ಲಿ ಜಾಗ ಖಾಲಿ ಇದೆಯಾ ಅಂತ ಒಂದು ಫೋನ್ ಮಾಡಿ ಕೇಳಿ.