ಮಗಳಿಗೆ, ತಾಯಿಯವರಿಗೆ ಮತ್ತು ನಿಮಗೆ

ಹನ್ನೆರಡರ ಮಗಳಿಗೆ, ಕಣ್ಣು ಮಂಜಾಗಿರುವ ತಾಯಿಯವರಿಗೆ ಹಾಗೂ ಗಿಡಮರಗಳಲ್ಲಿ ಆಸಕ್ತಿಯಿರುವ ನಿಮಗೆ ಯಾವ ಕನ್ನಡ ಪುಸ್ತಕಗಳು ಹೊಂದುತ್ತವೆ ಎಂದು ಕೇಳಿದ್ದೀರಿ. ಮಗಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ. ಕಿವಿ ಎಂಬ ನಾಯಿಯ ಪ್ರಸಂಗದಿಂದಲೇ ಆರಂಭಿಸಲಿ, ಪುಟಗಳ ಕ್ರಮ ಮುಖ್ಯವಲ್ಲ. ತಾಯಿಯವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಯಾರಾದರೂ ಓದಿ ಹೇಳುವುದು ಒಳ್ಳೆಯದು, ಏಕೆಂದರೆ ಮಲೆನಾಡಿನ ಬಾಲವಿಧವೆಯೊಬ್ಬಳ ಆ ಕತೆ, ಹಿರಿಯರು ಜಗಲಿಯಲ್ಲಿ ಕುಳಿತು ಹೇಳಿದಂತೆಯೇ ಸಾಗುತ್ತದೆ. ನಿಮಗಂತೂ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬಿಟ್ಟು ಬೇರೇನನ್ನೂ ಸದ್ಯಕ್ಕೆ ಸೂಚಿಸಲಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ, ವಿದ್ಯಾರ್ಥಿಗಳೊಡನೆ ಕಾಡು ಸುತ್ತುವ ಸಸ್ಯವಿಜ್ಞಾನದ ಮೇಷ್ಟರು ಗಿಡಗಳ ಲಕ್ಷಣಗಳನ್ನು ವಿವರಿಸುತ್ತಲೇ ನಗಿಸುತ್ತಾರೆ. ಶಾಸ್ತ್ರೀಯ ಹೆಸರುಗಳು ಮೊದಲಿಗೆ ತೊಡಕೆನಿಸಿದರೆ ದಾಟಿಕೊಂಡು ಓದಿ.