ಹೊಸ ಬೈಕಿಗೆ ಸ್ಟ್ಯಾಂಡ್ ತೆಗೊಳ್ಳುವ ಮೊದಲು ನಿಮ್ಮ ಅಂಗಳವನ್ನೊಮ್ಮೆ ನೋಡಿ

ಪ್ರಶ್ನೆ ಇಷ್ಟು: ಯಮಹಾ ಎಂಟಿ-15 ಬೈಕು ತೆಗೊಂಡು ಎರಡು ತಿಂಗಳು, ಸೆಂಟರ್ ಸ್ಟ್ಯಾಂಡ್ ಇಲ್ಲ, ಮಳೆಗಾಲದಲ್ಲಿ ಚೈನ್ ತೊಳೆದು ಎಣ್ಣೆ ಹಾಕಲಿಕ್ಕೆ ಯಾವ ಸ್ಟ್ಯಾಂಡ್ ಒಳ್ಳೆಯದು, ಮನೆ ಕಾಸರಗೋಡಿನ ಮುಳ್ಳೇರಿಯ ಕಡೆ, ಮಾಡುವುದು ಒಬ್ಬನೇ. ನನ್ನ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಬೈಕು ಕೆಟಿಎಂ ಡ್ಯೂಕ್ 200. ಅದಕ್ಕೂ ಸೆಂಟರ್ ಸ್ಟ್ಯಾಂಡ್ ಇಲ್ಲ. ಹಾಗಾಗಿ ಅನುಭವದಿಂದಲೇ ಹೇಳ್ತೇನೆ. ಅನುಭವ ಅಂದರೆ ಒಮ್ಮೆ ಬೀಳಿಸಿದ್ದೂ ಸೇರಿ.

ನಿಮಗೆ ಬೇಕಾದದ್ದು ಹಿಂದಿನ ಚಕ್ರ ಎತ್ತುವ ಪ್ಯಾಡಾಕ್ ಸ್ಟ್ಯಾಂಡ್. ಅಡಿಯಲ್ಲಿ ಎರಡು ಸಣ್ಣ ಚಕ್ರ, ಹಿಂದೆ ಒಂದು ಹಿಡಿ, ಹಿಡಿ ಕೆಳಗೆ ಒತ್ತಿದರೆ ಬೈಕಿನ ಹಿಂಬದಿ ಮೇಲೆ ಬರ್ತದೆ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಸ್ವಿಂಗ್‌ಆರ್ಮಿನ, ಅಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ಕವಲಿನ, ಅಡಿಗೆ ರಬ್ಬರ್ ಹಚ್ಚಿದ ಎರಡು ಕೈಗಳು ಬಂದು ಕೂರುತ್ತವೆ, ಯಾವ ಬೈಕಿಗೂ ಆಗ್ತದೆ ಅಂತ ಮಾರುವುದು ಇದನ್ನೇ. ಇನ್ನೊಂದಕ್ಕೆ ಸ್ವಿಂಗ್‌ಆರ್ಮಿನ ಎರಡೂ ಬದಿಗೆ ಸ್ಪೂಲ್ ಅಂತ ಸಣ್ಣ ಗುಂಡು ಬೋಲ್ಟ್ ಹಾಕಬೇಕು, ಸ್ಟ್ಯಾಂಡಿನ ಕೊಕ್ಕೆ ಅದನ್ನು ಹಿಡಿದುಕೊಳ್ತದೆ. ಒಬ್ಬನೇ ಮಾಡುವವನಿಗೆ ಸ್ಪೂಲಿನದ್ದೇ ಆಗಬೇಕು. ಕೊಕ್ಕೆ ಒಮ್ಮೆ ಕೂತರೆ ಅತ್ತಿತ್ತ ಜಾರುವುದಿಲ್ಲ. ರಬ್ಬರಿನದ್ದು ಬರೀ ಅಡಿಯಿಂದ ಒತ್ತಿ ನಿಲ್ಲುವುದಷ್ಟೆ, ಒಂದು ಬದಿ ಅರ್ಧ ಇಂಚು ಸರಿದರೂ ಬೈಕು ಓರೆ ಆಗ್ತದೆ.

ಆದರೆ ಸ್ಪೂಲ್ ಹಾಕಲಿಕ್ಕೆ ಸ್ವಿಂಗ್‌ಆರ್ಮಿನಲ್ಲಿ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೀರು) ಇರುವ ತೂತು ಇರಬೇಕಲ್ಲ. ಕೂತು, ಟಾರ್ಚ್ ಹಿಡಿದು, ಹಿಂದಿನ ಆಕ್ಸೆಲಿನ ಹತ್ತಿರ ಎರಡೂ ಬದಿ ನೋಡಿ. ನನ್ನ ಬೈಕಿನಲ್ಲಿ ತೂತು ಇತ್ತು, ಎರಡು ವರ್ಷ ನನಗೆ ಕಂಡೇ ಇರಲಿಲ್ಲ. ಕೆಂಪು ಮಣ್ಣು ತುಂಬಿ ಸ್ವಿಂಗ್‌ಆರ್ಮಿಗೆ ಸಮ ಆಗಿಬಿಟ್ಟಿತ್ತು! ಹಳೆ ಟೂತ್ ಬ್ರಶ್ ಹಾಕಿ ತಿಕ್ಕಿದ ಮೇಲೆ ಗೊತ್ತಾಯ್ತು. ಸ್ಪೂಲು 6, 8, 10 ಮಿಲಿಮೀಟರ್ ಅಳತೆಯಲ್ಲಿ ಬರ್ತದೆ, ಕಂಪೆನಿಯಿಂದ ಕಂಪೆನಿಗೆ ಬೇರೆ. ಅಂದಾಜಿನಲ್ಲಿ ತರಿಸಬೇಡಿ. ನಿಮ್ಮದು ಎರಡನೇ ಆವೃತ್ತಿಯ ಎಂಟಿ-15 ಆದರೆ ಸ್ವಿಂಗ್‌ಆರ್ಮ್ ಅಲ್ಯೂಮಿನಿಯಂ. ತಪ್ಪು ಅಳತೆಯ ಬೋಲ್ಟನ್ನು ಸ್ಪ್ಯಾನರ್ ಹಾಕಿ ತಿರುಪಿದರೆ ಮರೆ ಹೋಯ್ತು ಅಂತಲೇ ಲೆಕ್ಕ. ಕೈಯಲ್ಲಿ ಸಲೀಸಾಗಿ ನಾಲ್ಕು ಸುತ್ತು ಹೋಗಬೇಕು, ಆಮೇಲೆ ಬಿಗಿ ಮಾಡುವುದು. ತೂತು ಇಲ್ಲದಿದ್ದರೆ ಕೊರೆಸಲಿಕ್ಕೆ ಹೋಗಬೇಡಿ, ರಬ್ಬರಿನದ್ದೇ ತೆಗೊಳ್ಳಿ, ಎತ್ತುವಾಗ ಮನೆಯವರೊಬ್ಬರನ್ನು ಕರೀರಿ.

ಈಗ ನಾನು ಬೀಳಿಸಿದ ಕಥೆ. ಮೊದಲು ತಂದದ್ದು ರಬ್ಬರಿನ ಸ್ಟ್ಯಾಂಡ್, 1,600 ರೂಪಾಯಿ. ಆಟಿ ತಿಂಗಳು, ಎರಡು ದಿನ ಬಿಡದೆ ಹೊಡೆದ ಮಳೆ ಆಗಷ್ಟೇ ಬಿಟ್ಟಿತ್ತು. ನಮ್ಮ ಅಂಗಳ ನಿಮಗೆ ಗೊತ್ತೇ ಇರಬಹುದು, ಬೇಸಗೆಯಲ್ಲಿ ಅಡಿಕೆ ಹರಡುವ ಜಾಗ, ಮಳೆಗಾಲದಲ್ಲಿ ಪೂರ್ತಿ ಹಾವಸೆ. ನಡೆಯಲಿಕ್ಕೆ ಅಡಿಕೆ ಮರದ ದಬ್ಬೆ ಹಾಸಿಕೊಳ್ತೇವೆ. ಹಾಗಿದ್ದೂ ಬುದ್ಧಿವಂತನಾದ ನಾನು ಆ ಅಂಗಳದಲ್ಲೇ ಎತ್ತಲಿಕ್ಕೆ ಹೊರಟೆ. ಎಡಬದಿಯ ರಬ್ಬರ್ ಸರಿಯಾಗಿ ಕೂತಿತ್ತು, ಬಲಬದಿಯದ್ದು ಅಂಚಿನಲ್ಲಿತ್ತು. ಹಿಡಿ ಕೆಳಗೆ ಒತ್ತುವಾಗ ನನ್ನ ಕಾಲು ಜಾರಿತು, ಬೈಕು ಬಲಕ್ಕೆ ಹೋಯ್ತು. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ, ಬಲಕ್ಕೆ ಬೀಳುವ ಬೈಕನ್ನು ತಡೆಯುವವರು ಯಾರೂ ಇಲ್ಲ. ಮುಂದಿನ ಬ್ರೇಕಿನ ಲಿವರ್ ಮುರಿಯಿತು, ಇಂಡಿಕೇಟರ್ ಹೋಯ್ತು. ಅಮ್ಮ ಜಗಲಿಯಿಂದ ಕೇಳಿದ ಮೊದಲ ಪ್ರಶ್ನೆ, "ಅಲ್ಲಿದ್ದ ಮೆಣಸಿನ ಗಿಡ ಉಂಟಾ?"

ಹಾಗಾಗಿ ನೆಲದ ಮಾತು. ಕಾರ್ ಪೋರ್ಚ್ ಇದ್ದರೆ ಅಲ್ಲೇ ಮಾಡಿ. ಇಂಟರ್‌ಲಾಕ್ ಹಾಕಿದ ಅಂಗಳ ಆದರೂ ನೀರು ಹರಿಯಲಿಕ್ಕೆ ಇಳಿಜಾರು ಕೊಟ್ಟಿರ್ತಾರೆ, ಬೈಕು ನಿಂತಲ್ಲೇ ನಿಲ್ಲುವುದಿಲ್ಲ. ಮಣ್ಣಿನ ನೆಲದಲ್ಲಿ ಸ್ಟ್ಯಾಂಡಿನ ಸಣ್ಣ ಚಕ್ರ ಹೂತು ಹೋಗ್ತದೆ. ಬೇರೆ ಗತಿ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಹಾಕಿ, ಸ್ಟ್ಯಾಂಡು ಮಾತ್ರ ಅಲ್ಲ, ನಿಮ್ಮ ಕಾಲೂ ಅದರ ಮೇಲೆ ಇರುವಷ್ಟು ದೊಡ್ಡದು.

ಅಂಗಡಿಯಲ್ಲಿ ನೋಡಬೇಕಾದದ್ದು ಬಣ್ಣ ಅಲ್ಲ. ಸ್ಟ್ಯಾಂಡಿನ ಎರಡು ಸಣ್ಣ ಚಕ್ರಗಳ ನಡುವೆ ಅಗಲ ಹೆಚ್ಚಿದ್ದಷ್ಟು ಒಳ್ಳೆಯದು. ಹಿಡಿ ಉದ್ದ ಇರಲಿ, ಒತ್ತುವ ಬಲ ಕಡಿಮೆ ಸಾಕು. ನಿಮ್ಮ ಬೈಕು ಸುಮಾರು 140 ಕಿಲೋ, ಹಾಗಾಗಿ ತೂಕದ ಚಿಂತೆ ಬೇಡ, ಅಷ್ಟು ಯಾವುದೂ ತಡೀತದೆ. ಕೈಗಳ ಅಗಲ ಹೊಂದಿಸುವ ಬೋಲ್ಟ್ ಗಟ್ಟಿ ಇದೆಯಾ ಅಂತ ಅಲುಗಾಡಿಸಿ ನೋಡಿ. ಮತ್ತೆ ಪೈಪಿನ ಬಾಯಿ! ಇದನ್ನು ಯಾರೂ ಹೇಳುವುದಿಲ್ಲ. ನನ್ನ ಹಳೆ ಸ್ಟ್ಯಾಂಡಿನ ಪೈಪಿಗೆ ಮುಚ್ಚಳ ಇರಲಿಲ್ಲ. ಒಂದು ಮಳೆಗಾಲ ಹೊರಗೆ ಬಿಟ್ಟು, ಆಮೇಲೆ ಎತ್ತಿದರೆ ಒಳಗಿಂದ ಚಹಾದ ಬಣ್ಣದ ನೀರು ಸುರಿಯಿತು. ಹೊರಗಿನ ಪೈಂಟ್ ಹೊಳೀತಾ ಇತ್ತು, ಒಳಗೆ ತುಕ್ಕು. ಪ್ಲಾಸ್ಟಿಕ್ ಮುಚ್ಚಳ ಇರುವುದನ್ನೇ ತೆಗೊಳ್ಳಿ, ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಯವರಿಗೆ ಇದು ಇನ್ನೂ ಹೆಚ್ಚು. ಈಗ ನನ್ನಲ್ಲಿರುವ ಸ್ಪೂಲ್ ಸ್ಟ್ಯಾಂಡಿಗೆ ಕೊಟ್ಟದ್ದು 2,400.

ಎತ್ತುವ ಕ್ರಮ: ಸೈಡ್ ಸ್ಟ್ಯಾಂಡ್ ಬಿಡಿಸಿಯೇ ಇರಲಿ, ಮಡಚಬೇಡಿ. ಎಡಬದಿ ನಿಂತು, ಎಡಗೈಯಲ್ಲಿ ಹಿಂದಿನ ಸೀಟಿನ ಹಿಡಿ ಹಿಡಿದು ಬೈಕನ್ನು ನೆಟ್ಟಗೆ ಮಾಡಿ, ಬಲಗೈಯಲ್ಲಿ ಸ್ಟ್ಯಾಂಡ್ ಕೂರಿಸಿ. ಎರಡೂ ಬದಿ ಕೂತದ್ದನ್ನು ಬಗ್ಗಿ ಕಣ್ಣಾರೆ ನೋಡಿದ ಮೇಲೆಯೇ ಒತ್ತಬೇಕು. ಎತ್ತಿ ಆದ ಮೇಲೆ ಮುಂದಿನ ಬ್ರೇಕ್ ಲಿವರನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಹ್ಯಾಂಡಲಿಗೆ ಬಿಗಿದು ಕಟ್ಟಿ. ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಗೇರು ಬೈಕನ್ನು ಹಿಡಿಯುವುದಿಲ್ಲ, ಮುಂದಿನ ಚಕ್ರ ಉರುಳಬಹುದು.

ಚೈನಿನ ಅಡಿಗೆ ಒಂದು ಅಡಿಕೆ ಹಾಳೆ ಅಂಗಾತ ಇಡಿ. ಸೀಮೆಎಣ್ಣೆ, ಕಪ್ಪು ಎಣ್ಣೆ ಎಲ್ಲ ಅದರಲ್ಲಿ ನಿಲ್ತದೆ, ಪೋರ್ಚಿನ ಟೈಲ್ಸ್ ಕಪ್ಪಾಗಿ ಬೈಗುಳ ತಿನ್ನುವುದು ತಪ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಶುರು ಮಾಡಿ ಗೇರ್ ಹಾಕಿ ಬಟ್ಟೆ ಹಿಡಿಯುವವರಿದ್ದಾರೆ. ನಮ್ಮ ಕಡೆಯ ಒಬ್ಬ ಮೆಕ್ಯಾನಿಕ್ಕಿಗೆ ನಡುಬೆರಳಿನ ತುದಿ ಇಲ್ಲ, ಹೇಗೆ ಹೋಯ್ತು ಅಂತ ಕೇಳಿದರೆ ಚೈನಿಗೂ ಅದು ಸುತ್ತುವ ಹಲ್ಲಿನ ಚಕ್ರ ಸ್ಪ್ರಾಕೆಟಿಗೂ ನಡುವಿನ ಜಾಗವನ್ನೇ ತೋರಿಸ್ತಾರೆ. ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ ಎಣ್ಣೆ ಸಾಕು, ಆದರೆ ಮಳೆಯಲ್ಲಿ ಒದ್ದೆಯಾಗಿ ಬಂದ ದಿನ ಕಿಲೋಮೀಟರ್ ಲೆಕ್ಕ ನೋಡಬೇಡಿ.

ಚೈನ್ ಸಡಿಲ ಎಷ್ಟಿರಬೇಕು, ಹೇಗೆ ಅಳೆಯಬೇಕು ಅಂತ ಬೈಕಿನ ಪುಸ್ತಕದಲ್ಲಿ ಉಂಟು. ಸೆಂಟರ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರ ಜೋತುಬೀಳ್ತದೆ, ಅಳತೆ ಬದಲಾಗ್ತದೆ. ಸ್ವಿಂಗ್‌ಆರ್ಮಿನಲ್ಲಿ ಎತ್ತುವ ಈ ಸ್ಟ್ಯಾಂಡಿನಲ್ಲಿ ಬೈಕಿನ ಭಾರ ಸಸ್ಪೆನ್ಶನ್ ಮೇಲೆಯೇ ಇರ್ತದೆ, ಚಕ್ರ ಹಾಗೆ ಜೋತುಬೀಳುವುದಿಲ್ಲ.

ಎಂಜಿನ್ ಅಡಿಗೆ ಕಾರಿನ ಜಾಕ್ ಕೊಡುವುದು, ಫ್ರೇಮಿಗೆ ಸೆಂಟರ್ ಸ್ಟ್ಯಾಂಡ್ ವೆಲ್ಡ್ ಮಾಡಿಸುವುದು, ಎರಡೂ ಬೇಡ. ವೆಲ್ಡ್ ಮಾಡಿಸಿದ ಫ್ರೇಮಿಗೆ ವಾರಂಟಿ ಕೇಳಲಿಕ್ಕೆ ಯಾವ ಮುಖದಲ್ಲಿ ಹೋಗ್ತೀರಿ? ಚೈನಿಗೆ ಎಣ್ಣೆ ಮಾತ್ರ ಸಾಕು ಅಂತಾದರೆ ಚಕ್ರದ ಅಡಿಗೆ ಇಡುವ ರೋಲರ್ ಕೂಡ ಸಿಗ್ತದೆ, ಬೈಕು ಸೈಡ್ ಸ್ಟ್ಯಾಂಡಿನಲ್ಲೇ ಇದ್ದು ಚಕ್ರ ತಿರುಗ್ತದೆ. ಮುಂದಿನ ಚಕ್ರದ ಸ್ಟ್ಯಾಂಡ್ ಈಗ ತೆಗೊಳ್ಳಬೇಡಿ. ಮುಂದೆ ಬೇಕಾದರೂ ಹಿಂದಿನದ್ದು ಎತ್ತಿದ ಮೇಲೆಯೇ ಮುಂದಿನದ್ದು.

ತೂತು ಉಂಟಾ ಅಂತ ನೋಡಿ ಇಲ್ಲಿಯೇ ಬರೆಯಿರಿ. ಮೊದಲು ಟೂತ್ ಬ್ರಶ್ ಹಾಕಿ ತಿಕ್ಕಿ, ಮತ್ತೆ ಇಲ್ಲ ಅನ್ನಿ.